ಏಳು ಸಲ ಕೊರೆದ ಚಂದ್ರ

ಒಂದಾನೊಂದು ಮನೆಯಲ್ಲಿ ಸೂರ್ಯಚಂದ್ರರ ಚಕ್ರಗಳಿಗೆ ಹಲ್ಲು ಕೊರೆಯುವ ಗಡಿಯಾರದವನೊಬ್ಬನಿದ್ದ. ಗುರುವಿಲ್ಲ, ಪುಸ್ತಕವಿಲ್ಲ, ಗುಜರಿಯಿಂದ ತಂದ ಕೆಟ್ಟ ಅಲಾರಂಗಳ ಹೊಟ್ಟೆ ಬಗೆದು ಕಲಿತವನು. ಮಗಳು ಹುಟ್ಟಿದ ಬೆಳಗ್ಗೆ ಅವಳನ್ನು ಅಂಗೈ ಮೇಲೆ ಮಲಗಿಸಿಕೊಂಡು, ‘ಆಕಾಶವನ್ನೇ ತಂದು ಗೋಡೆಗೆ ನಿಲ್ಲಿಸಿಕೊಡ್ತೀನಿ’ ಎಂದು ಮಾತು ಕೊಟ್ಟಿದ್ದ. ಆ ಮಾತಿಗೆ ಈಗ ಇಪ್ಪತ್ತೆರಡು ವರ್ಷ. ಇವತ್ತು ಮಧ್ಯಾಹ್ನ ಅವನು ಚಂದ್ರನ ಚಕ್ರವನ್ನು ಕಿತ್ತು ಬೆಂಚಿನ ಮೇಲೆಸೆದು, ಆ ಮಾತಿಗಾಗಿ ಕಟ್ಟಿದ ಗೋಡೆ ಗಡಿಯಾರದ ಮುಂದೆ ಸುತ್ತಿಗೆ ಹಿಡಿದು ನಿಂತಿದ್ದ.

ಮಗಳು ಓಡಿಬಂದು ಬಲಗೈಯಿಂದ ಅವನ ರಟ್ಟೆ ಹಿಡಿದಳು. ಅವಳ ಎಡಗೈ ಹುಟ್ಟಿನಿಂದಲೇ ಸೋತದ್ದು. ಹೆಗಲಿನಿಂದ ಸುಮ್ಮನೆ ಜೋತಾಡುತ್ತಿತ್ತು.

“ಅಪ್ಪಾ, ತಲೆ ಕೆಟ್ಟಿದೆಯಾ? ಇವತ್ತು ಲೋಲಕ ಬಿಡ್ತೀನಿ ಅಂತ ಬೆಳಗ್ಗೆ ಕುಣಿದಾಡಿದವನು ನೀನೇ!”

“ಬಿಡೋಕೆ ಮುಂಚೆ ಇವತ್ತೂ ಕೈಯಲ್ಲಿ ಹಿಂದಕ್ಕೆ ತಿರುಗಿಸಿ ನೋಡಿದೆ ಕಣಮ್ಮಾ. ನೀನು ಹುಟ್ಟಿದ ರಾತ್ರಿಗೆ ಬಂದರೆ ಅಮಾವಾಸ್ಯೆ ತೋರಿಸುತ್ತೆ. ಇಷ್ಟು ವರ್ಷದಲ್ಲಿ ಏಳು ಸಲ ಈ ಚಕ್ರ ಹೊಸದಾಗಿ ಕೊರೆದೆ. ಏಳು ಸಲವೂ ಅದೇ ಅಮಾವಾಸ್ಯೆ.”

ಆ ರಾತ್ರಿಯ ಕತೆ ಮಗಳಿಗೆ ಬಾಯಿಪಾಠ. ಜ್ವರ ಬಂದಾಗ, ನಿದ್ದೆ ಬಾರದಾಗ ಅಮ್ಮ ಹೇಳುತ್ತಿದ್ದುದು ಅದನ್ನೇ: ಕಿಟಕಿ ತುಂಬ ಹುಣ್ಣಿಮೆ ಚಂದ್ರ, ಕೋಣೆಯೊಳಗೆಲ್ಲ ಹಾಲು ಚೆಲ್ಲಿದ ಬೆಳಕು, ಆ ಬೆಳಕಿನಲ್ಲಿ ಈಜಿಕೊಂಡು ಬಂದವಳು ನೀನು.

“ಹಳೇ ಕ್ಯಾಲೆಂಡರ್ ನೋಡಬಹುದಿತ್ತಲ್ಲ?”

“ನೋಡಿದೆ. ಅದೂ ಅಮಾವಾಸ್ಯೆ ಅನ್ನುತ್ತೆ. ಅಚ್ಚು ಹಾಕೋರು ತಪ್ಪಬಹುದು, ನಾನು ತಪ್ಪಬಹುದು. ನಿಮ್ಮಮ್ಮ ಕಣ್ಣಾರೆ ನೋಡಿದ್ದಾಳೆ.” ಅವನು ಸುತ್ತಿಗೆ ಎತ್ತಿದ.

“ಇಡಿ ಕೆಳಗೆ,” ಎಂದಳು ಬಾಗಿಲಲ್ಲಿ ನಿಂತಿದ್ದ ಅಮ್ಮ. ಅವಳ ಕೈಯ ಒದ್ದೆ ಬಟ್ಟೆಯಿಂದ ನೀರು ಹೊಸ್ತಿಲ ಮೇಲೆ ತೊಟ್ಟಿಕ್ಕುತ್ತಿತ್ತು. “ಗಡಿಯಾರ ಸರಿಯಾಗಿದೆ. ಅವತ್ತು ಚಂದ್ರ ಇರಲಿಲ್ಲ.”

“ಏನಂದೆ?”

“ನೀವು ತಲೆ ಎತ್ತಿ ಆಕಾಶ ನೋಡಿದ್ದರೆ ತಾನೇ ಗೊತ್ತಾಗೋಕೆ! ಮನೇಲಿದ್ದ ಒಂದೇ ಒಂದು ಲಾಟೀನು ತಗೊಂಡು ಈ ಕೋಣೆಗೆ ಬಂದು ಅಗಳಿ ಹಾಕಿಕೊಂಡಿರಿ. ಸೂಲಗಿತ್ತಿ ಬಂದು ತಟ್ಟಿದಳು. ದೀಪ ಕೊಡಿ, ದೀಪ ಕೊಡಿ ಅಂತ ಮೂರು ಸಲ ತಟ್ಟಿದಳು. ‘ಇನ್ನೊಂದು ಹಲ್ಲು, ಬಂದೆ’ ಅಂದಿರಂತೆ.”

ಅವನು ತಿರುಗಿ ಬಾಗಿಲ ಅಗಳಿಯನ್ನು ನೋಡಿದ.

“ಅವಳಿಗೆ ಕಾಯೋಕಾಗಲಿಲ್ಲ. ಕಗ್ಗತ್ತಲಲ್ಲಿ ತಡಕಾಡಿ, ಕೈಗೆ ಸಿಕ್ಕಿದ್ದನ್ನ ಹಿಡಿದು ಎಳೆದಳು.” ಅಮ್ಮ ಮಗಳ ಕಡೆ ನೋಡಲಿಲ್ಲ. “ಬೆಳಗ್ಗೆ ನೀವು ಬಂದು ‘ದೀಪ ಇಲ್ಲದೆ ಕಷ್ಟ ಆಯ್ತೇನೇ’ ಅಂದಿರಿ. ನಿಮ್ಮ ಮುಖ ನೋಡಿ, ಹುಣ್ಣಿಮೆ ಇತ್ತಲ್ಲ ಅಂದುಬಿಟ್ಟೆ. ಆಮೇಲೆ ಇವಳಿಗೂ ಅದನ್ನೇ ಹೇಳಬೇಕಾಯ್ತು.”

ಮಗಳ ಬಲಗೈ ತಾನಾಗಿಯೇ ಎಡ ಹೆಗಲಿಗೆ ಹೋಗಿ, ಅಲ್ಲಿ ಯಾರದೋ ಹಿಡಿತವನ್ನು ಬಿಡಿಸುವಂತೆ ತಡವಿತು. ಸುತ್ತಿಗೆ ನೆಲಕ್ಕೆ ಬಿತ್ತು. ಮೂವರಲ್ಲಿ ಯಾರೂ ಬೆಚ್ಚಲಿಲ್ಲ.

“ಇಷ್ಟು ವರ್ಷ ಯಾಕೆ ಹೇಳಲಿಲ್ಲ?” ಎಂದ ಅವನು.

“ಆ ಹುಣ್ಣಿಮೆಗೋಸ್ಕರ ಬಿಚ್ಚಿ ಬಿಚ್ಚಿ ಹಾಕ್ತಿದ್ದೀನಿ ಅಂತ ನೀವು ಹೇಳಿದಿರಾ?”

ಮಗಳು ಬೆಂಚಿನ ಮೇಲಿನ ಚಕ್ರವನ್ನೆತ್ತಿ ಅವನ ಮುಂದೆ ಹಿಡಿದಳು. “ಕೂರಿಸಪ್ಪಾ. ಮಾತು ಕೊಟ್ಟಿದ್ದೀಯ.”

ಚಕ್ರವೇನೋ ಕೂತಿತು. ಅವನು ಎರಡೆರಡು ಸಲ ಇಟ್ಟರೂ ಅದನ್ನು ಬಿಗಿಯುವ ಹಿತ್ತಾಳೆ ಮೊಳೆ ಮಾತ್ರ ತೂತಿಗೆ ಇಳಿಯಲೊಲ್ಲದು. ಆ ಕೋಣೆಯ ಒಂದು ಸ್ಕ್ರೂ ಕೂಡ ಯಾವತ್ತೂ ಮುಟ್ಟದ ಅಮ್ಮ ಒಳಗೆ ಬಂದು, ಕೈ ಒರೆಸಿಕೊಂಡು, ಮೊಳೆಯನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿದಳು. ಮಗಳು ಲೋಲಕವನ್ನು ಒಂದು ಬದಿಗೆ ಎಳೆದು ಬಿಟ್ಟಳು.

ಸೂರ್ಯ, ಚಂದ್ರ, ಐದು ಗ್ರಹ, ಎಲ್ಲ ಟಕ್ ಟಕ್ ಎಂದು, ಯಾರೋ ಬಾಗಿಲು ತಟ್ಟಿದ ಹಾಗೆ, ನಡೆಯತೊಡಗಿದವು. ಇಪ್ಪತ್ತೆರಡು ವರ್ಷ ಆ ಸದ್ದಿಗಾಗಿ ಕಾದವನು ಗೋಡೆಗೆ ಒರಗಿ, ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ.