ಏದುಸಿರು ಬೆರೆಸದ ದಿನ

‘ಜೊತೆಗಾರ’ ಕಾರ್ಯಕ್ರಮದ ನೇರಪ್ರಸಾರ ಮುಗಿದದ್ದೇ ಮೇದಿನಿ ಮೇಕಪ್ಪನ್ನೂ ಅಳಿಸದೆ ಬೆರಕೆ ಕೋಣೆಗೆ ನಡೆದಳು. ಜನ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು, ಟೀವಿಯಲ್ಲಿರುವವರ ಮೈಯನ್ನು ತಮ್ಮದೇ ಎಂಬಂತೆ ಅನುಭವಿಸುತ್ತಿದ್ದ ಕಾಲವದು. ಮದುವೆಗೆ ಹುಡುಗನನ್ನು ಹುಡುಕುತ್ತ ಈ ಕಾರ್ಯಕ್ರಮಕ್ಕೆ ಮೇದಿನಿಯಂಥ ದಪ್ಪ ಹುಡುಗಿಯೊಬ್ಬಳು ಬಂದರೆ, ವಾಹಿನಿಯವರು ಅವಳ ಮೈಗೆ ಒಂದಿಷ್ಟು ಏದುಸಿರು, ಒಂದಿಷ್ಟು ಮಂಡಿನೋವು ಬೆರೆಸಿಯೇ ಮನೆಮನೆಗೆ ಕಳಿಸುತ್ತಿದ್ದರು. ನೋಡುವವರಿಗೆ ಅಯ್ಯೋ ಪಾಪ ಅನ್ನಿಸಬೇಕಲ್ಲ. ಬೆರೆಸುವ ಕೆಲಸ ಸುನಂದಕ್ಕನದು.

“ಇವತ್ತು ಎಷ್ಟು ಹಾಕಿದ್ರಿ ಅಕ್ಕ?” ಸಾರಿನ ಉಪ್ಪು ವಿಚಾರಿಸುವ ಹಾಗೆ ಕೇಳಿದಳು ಮೇದಿನಿ.

“ಏನೂ ಹಾಕ್ಲಿಲ್ಲ ಕಣಮ್ಮ. ಹದ ನೋಡೋಕೆ ಅಂತ ನಾನೂ ಪಟ್ಟಿ ಕಟ್ಕೊಂಡಿದ್ದೆ. ನೀನು ಇವತ್ತು ಬಂದಿದ್ದ ಹುಡುಗನ ಜೊತೆ ಕುಣೀತಿದ್ದಾಗ ಆ ಖುಷೀನ ಕೆಡಿಸೋಕೆ ಮನಸ್ಸು ಬರ್ಲಿಲ್ಲ. ಇದ್ದ ಹಾಗೇ ಕಳಿಸ್ಬಿಟ್ಟೆ.”

“ಮೇಲಿನವರು ಸುಮ್ನೆ ಬಿಡ್ತಾರಾ?”

“ಬೈತಾರೆ. ಬೈಸ್ಕೋತೀನಿ.”

ಮೇದಿನಿ ಸುನಂದಕ್ಕನ ಎರಡೂ ಕೈ ಹಿಡಿದುಕೊಂಡಳು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಹಾಸನದಿಂದ ಅಮ್ಮ. ಪ್ರತಿ ಕಂತು ಮುಗಿದ ಮೇಲೂ ಪಟ್ಟಿ ಬಿಚ್ಚಿ, ಮಂಡಿ ನೀವಿಕೊಳ್ಳುತ್ತ, “ಇಷ್ಟೊಂದು ಕಷ್ಟಪಡ್ತೀಯಲ್ಲೇ, ರಾತ್ರಿ ಊಟನಾದ್ರೂ ಬಿಡೇ” ಎಂದು ಅಳುವವಳು ಅವಳು.

ಮೇದಿನಿ ಒಂದು ಕೈಯನ್ನು ಸುನಂದಕ್ಕನ ಕೈಯಲ್ಲೇ ಬಿಟ್ಟು ಇನ್ನೊಂದರಲ್ಲಿ ಫೋನೆತ್ತಿದಳು.

ಅಮ್ಮ ಕೇಳಿದಳು. “ಇನ್ನೊಂದು ಸ್ವಲ್ಪ ಹೊತ್ತು ಕುಣೀಬಾರದಿತ್ತೇನೆ?”