ಆರು ಮೂಟೆ, ಹನ್ನೊಂದು ಮನೆ

ಇದು ನಡೆದದ್ದೇ. ಕಟ್ಟುಕಥೆಯಾಗಿದ್ದರೆ ನಮ್ಮೂರ ಮುಖ್ಯಸ್ಥ ತಾವ್ ದೆಫುವಿಗೆ ಇನ್ನೊಂದಿಷ್ಟು ಬುದ್ಧಿ ಕೊಟ್ಟಿರುತ್ತಿದ್ದೆ.

ಜಿಲ್ಲಾ ಅಧಿಕಾರಿ ಲುವಾನ್ ಬರುವ ಬೆಳಿಗ್ಗೆ ತಾವ್ ಆರು ಮೂಟೆ ಉರುವಲು ಗುಳಿಗೆ ತರಿಸಿ ಗುವಾನ್ ಅಜ್ಜಿಯ ಅಡುಗೆಮನೆಯಲ್ಲಿ ಪೇರಿಸಿದ. ಹೊಲದಲ್ಲಿ ದಂಟು ಸುಡಬಾರದೆಂದು ಸುಗ್ಗಿಯಲ್ಲೇ ಊರಿನ ಮೆಕ್ಕೆಜೋಳದ ದಂಟೆಲ್ಲ ಕಾರ್ಖಾನೆಗೆ ಹೋಗಿತ್ತು. ಪುಡಿಯಾಗಿ, ಒತ್ತಿಸಿಕೊಂಡು, ಬೆರಳುಗಾತ್ರದ ಗುಳಿಗೆಯಾಗಿ ಮನೆಮನೆಗೆ ಹಿಂದಿರುಗಬೇಕಿತ್ತು. ವರದಿಯಲ್ಲಿ ಹಿಂದಿರುಗಿಯೂ ಇತ್ತು. ಅಜ್ಜಿ ಮಲಗುವ ಇಟ್ಟಿಗೆ ಮಂಚವನ್ನು ಚಳಿಗಾಲದಲ್ಲಿ ಅಡಿಯಿಂದ ಕಾಯಿಸುವ ಒಲೆ ಮಾತ್ರ ಆರಿ ನಾಲ್ಕು ದಿನವಾಗಿತ್ತು.

"ಮುಟ್ಬೇಡ ಅಜ್ಜಿ, ಇದು ತೋರ್ಸೋಕೆ. ಸಾಹೇಬ್ರು ಆಚೆ ಹೋದ ತಕ್ಷಣ ಹಿತ್ತಲಿಂದ ಪಕ್ಕದ್ಮನೆಗೆ ಹೋಗ್ಬೇಕು. ಹನ್ನೊಂದು ಮನೆಗೂ ಇದೇ ಆರು ಮೂಟೆ," ಎಂದ ತಾವ್.

"ಉರ್ಸೋದು ಯಾವಾಗ?"

"ಮೊದ್ಲು ಫೋಟೊ."

"ಸರಿ ಬಿಡಪ್ಪ, ಆ ಫೋಟೊನೇ ಒಲೆಗೆ ಹಾಕ್ಕೋತೀನಿ."

ಫೋಟೊದವನೊಂದಿಗೆ ಲುವಾನ್ ಬಂದ. ಮೂಟೆ ತಟ್ಟಿದ. ತುಪ್ಪಳದ ಕೋಟಿನ ಒಂದು ಗುಂಡಿಯನ್ನೂ ಬಿಚ್ಚದೆ "ಆಹಾ, ಎಷ್ಟು ಬೆಚ್ಚಗಿದೆ!" ಎಂದ. ಅವನು ಮುಂಬಾಗಿಲು ದಾಟಿದ್ದೇ ತಡ, ಮೂಟೆ ಹೊರಲು ಹಿತ್ತಲಿಂದ ತಾವ್‌ನ ಆಳುಗಳು ಒಳಗೆ ಬರುವಷ್ಟರಲ್ಲಿ, ಅಜ್ಜಿ ಹೊಲಿಗೆ ಕತ್ತರಿಯಿಂದ ಪ್ರತಿ ಮೂಟೆಯ ಮೂಲೆಗೂ ಒಂದೊಂದು ತೂತು ಮಾಡಿದ್ದಳು.

ಐದನೇ ಮನೆಗೆ ಮೂಟೆಗಳು ಸೊರಗಿದ್ದವು. ಎಂಟನೆಯದರಲ್ಲಿ ಗೋಡೆಗೆ ಒರಗಿ ಕೂತವು. ಹನ್ನೊಂದನೆಯ ಮನೆಯಲ್ಲಿ ಲುವಾನ್‌ಗೆ ಪಾಯಿಖಾನೆ ಬೇಕಾಯಿತು, ಅದು ಹಿತ್ತಲಲ್ಲಿತ್ತು. ಹೋಗಿ ನೋಡಿದರೆ, ಬಿಳಿ ಹಿಮದ ಮೇಲೆ ಕಂದು ಗುಳಿಗೆಗಳ ಸಾಲು, ಹಿತ್ತಲಿಂದ ಹಿತ್ತಲಿಗೆ, ಊರುದ್ದಕ್ಕೂ.

"ಏನ್ರೀ ಇದು, ತಾವ್?"

ತಾವ್ ಬೆವೆತ. ಆ ದಿನ ಊರಿನಲ್ಲಿ ಬೆಚ್ಚಗಾದವನು ಅವನೊಬ್ಬನೇ.

ಪೊರಕೆ, ಬುಟ್ಟಿ ಹಿಡಿದು ಸಾಲಿನುದ್ದಕ್ಕೂ ಗುಡಿಸಿಕೊಂಡು ಬರುತ್ತಿದ್ದ ಅಜ್ಜಿ ತಲೆಯೆತ್ತಿದಳು. "ನಮ್ ತಾವ್ ಹಂಚೋದೇ ಹಿಂಗೆ, ಸಾಹೇಬ್ರೇ. ಹಿತ್ಲು ಹಿತ್ಲಿಗೂ ಉದುರಿಸ್ಕೊಂಡು ಹೋಗ್ತಾನೆ. ಗುಡಿಸ್ಕೊಂಡೋರಿಗೆ ಗುಡಿಸ್ಕೊಂಡಷ್ಟು. ಪುಣ್ಯಾತ್ಮ!"

ಅವಳ ಹಿಂದೆ ಉಳಿದ ಮನೆಗಳ ಪೊರಕೆಗಳೂ ಹೊರಬಿದ್ದವು. ಲುವಾನ್ ಸಾಲನ್ನು ನೋಡಿದ, ತಾವ್‌ನನ್ನು ನೋಡಿದ, ತಡೆಯಲಾರದೆ ನಕ್ಕ.

ಸಾಹೇಬರು ನಕ್ಕಿದ್ದು ಕಂಡು ತಾವ್ ಅವರಿಗಿಂತ ಜೋರಾಗಿ, ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತಲೇ ಬಗ್ಗಿ ಒಂದು ಹಿಡಿ ಗುಳಿಗೆ ಹೆಕ್ಕಿ ಅಜ್ಜಿಯ ಬುಟ್ಟಿಯ ಮೇಲೆ ಹಿಡಿದ. ಫೋಟೊದವನು ಸರಿಯಾಗಿ ಎದುರಿಗೆ ಬಂದು ನಿಲ್ಲುವವರೆಗೂ ಮುಷ್ಟಿ ಬಿಡಲಿಲ್ಲ.