ಬೊಟ್ಟು ತಪ್ಪಿದ ಹಾವು

"ಅಕ್ಕಾ, ಇಲ್ಲಿ ಬನ್ನಿ, ಒಂದು ತಪ್ಪು ಸಿಕ್ತು!" ಗೋಡೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ ಕಾರ್ತಿಕಾ ಕೂಗಿದಳು. ಹುಣಸೆಬೀಜ ಬಿಡಿಸುತ್ತಿದ್ದ ಮಣಿಮೇಗಲೈ ಧಡಕ್ಕನೆ ಎದ್ದಳು. ಜಗಲಿಯ ಆ ತುದಿಯಲ್ಲಿ ಅವಳ ಅಪ್ಪ ಪೊನ್ನುಸಾಮಿ ಕಂಬಕ್ಕೆ ಒರಗಿ ಕೂತಿದ್ದ. ವಯಸ್ಸು ಎಂಬತ್ತನಾಲ್ಕಾದರೂ ಕಿವಿ ಮಾತ್ರ ಇನ್ನೂ ಚುರುಕು.

ಕಾರ್ತಿಕಾ ದಿಂಡಿಗಲ್ಲಿನ ಹುಡುಗಿ, ಕನ್ನಡ ಮಾತಾಡುವ ಅವರದೇ ಜನ. ಹಿಂದಿನವರು ವಿಷಜಂತುಗಳನ್ನೂ ವಿಷದ ಗಿಡಗಳನ್ನೂ ಹೇಗೆ ಚಿತ್ರಿಸುತ್ತಿದ್ದರು ಎಂದು ಊರೂರು ತಿರುಗಿ ಬರೆದುಕೊಳ್ಳುತ್ತಿದ್ದಳು. ಈ ಗೋಡೆಯ ಚಿತ್ರ ಪೊನ್ನುಸಾಮಿಯ ತಾತನ ಕೈಯದು. ನೂರು ವರ್ಷದ ಹಿಂದೆ ಸುಣ್ಣದ ಗಾರೆಯ ಮೇಲೆ ಕಾವಿ, ಕಾಡಿಗೆ, ನೀಲಿಯಲ್ಲಿ ಬರೆದದ್ದು. ಅಂಚಿಗೆ ದತ್ತೂರಿ, ಕಣಗಿಲೆ, ಬೆಂಕಿಯ ನಾಲಗೆಯಂಥ ಕಾಂತಳ್ ಹೂ. ನಡುವೆ ಚೇಳು, ಜರಿ, ಹದಿನೇಳು ಹಾವು. ವಿಷದ ಹಾವುಗಳ ಕೆಳಗೆ ಒಂದೊಂದು ಕೆಂಪು ಬೊಟ್ಟು. ಅಂದಕ್ಕೆ ಬರೆದ ಚಿತ್ರಗಳಲ್ಲ ಅವು. ಕಚ್ಚಿಸಿಕೊಂಡು ನಾಟಿವೈದ್ಯ ಪೊನ್ನುಸಾಮಿಯ ಬಳಿ ಬಂದವರು ತಾವು ಕಂಡ ಹಾವನ್ನು ಗೋಡೆಯಲ್ಲಿ ಮುಟ್ಟಿ ತೋರಿಸಬೇಕು. ಬೊಟ್ಟಿದ್ದರೆ ಪೊನ್ನುಸಾಮಿ ಬೇರು ಅರೆದು ಕುಡಿಸಿ, ತಾನೇ ಗಾಡಿ ಹತ್ತಿಸಿ ತೇನಿಯ ದೊಡ್ಡಾಸ್ಪತ್ರೆಗೆ ಕಳಿಸುತ್ತಿದ್ದ. ಬೊಟ್ಟಿಲ್ಲದಿದ್ದರೆ, "ಹೆದರ್ಬೇಡ, ಮನೆಗೆ ಹೋಗಿ ಕಂಜಿ ಕುಡಿ" ಎಂದು ತಲೆ ಸವರುತ್ತಿದ್ದ.

"ತಪ್ಪೂ ಇಲ್ಲ, ಏನೂ ಇಲ್ಲ ಕಣಮ್ಮಾ. ಬಣ್ಣ ಮಾಸಿ ಹಂಗೆ ಕಾಣ್ತೈತೆ. ಏಳು, ಮೊದ್ಲು ಊಟ ಮಾಡು," ಎಂದು ಮಣಿಮೇಗಲೈ ಅವಳ ಭುಜ ಹಿಡಿದಳು.

"ಇಲ್ಲಕ್ಕಾ, ಚೆನ್ನಾಗಿ ಕಾಣ್ತೈತೆ. ಈ ಎರಡೂ ಒಂದೇ ಮಾದ್ರಿ, ಕರಿ ಮೈ, ಬಿಳಿ ಪಟ್ಟೆ. ಕತ್ತಿಂದ್ಲೇ ಪಟ್ಟೆ ಸುರುವಾಗೋದು ಸಾಧು ಹಾವು. ಕತ್ತತ್ರ ಏನೂ ಇಲ್ದೆ ಬಾಲದ ಕಡೆ ಪಟ್ಟೆ ಇರೋದು ಕಟ್ಟುವಿರಿಯನ್, ನಾಗರಕ್ಕಿಂತ ಕೆಟ್ಟದ್ದು. ನಿಮ್ಮ ಮುತ್ತಾತ ಬೊಟ್ಟನ್ನ ಅದಲು ಬದಲು ಮಾಡಿ ಸಾಧು ಹಾವಿಗೆ ಇಟ್ಬಿಟ್ಟವ್ರೆ! ಕಟ್ಟುವಿರಿಯನ್‌ಗೆ ಬೊಟ್ಟೇ ಇಲ್ಲ!" ಕಾರ್ತಿಕಾಳ ಮುಖ ಹಿಗ್ಗಿನಿಂದ ಅರಳಿತ್ತು.

"ಹಂಗಾರೆ ನಾಳೇನೇ ಸುಣ್ಣ ಬಳಿದು ಅಳಿಸ್ಬಿಡ್ತೀನಿ."

"ಅಯ್ಯಯ್ಯೋ, ಕೈ ಹಚ್ಚಬೇಡಿ ಅಕ್ಕಾ! ಈ ತಪ್ಪೇ ಅಲ್ವಾ ಈ ಗೋಡೆ ಬೆಲೆ!"

ಮಣಿಮೇಗಲೈಗೆ ಈ ತಪ್ಪು ಹೊಸದಲ್ಲ. ಅವಳ ತಂಗಿ ಕಣ್ಣಮ್ಮಾಳ್ ಒಂದು ಬೆಳಿಗ್ಗೆ ಚಾಪೆಯಿಂದ ಎದ್ದು ಬಂದು, "ಏನೋ ಚುರುಕ್ಕಂತು ಅಪ್ಪಾ, ಬಾಗಿಲ ಸಂದೀಲಿ ಹಾವು ಹೋಗೋದ ಕಂಡೆ" ಎಂದು ಗೋಡೆ ಮುಟ್ಟಿ ತೋರಿಸಿದ್ದಳು. ಬಾವಿಲ್ಲ, ಉರಿಯಿಲ್ಲ. ಅಪ್ಪ ನಕ್ಕು, ಹೋಗಿ ಮಲಗು ಎಂದಿದ್ದ. ಹೊತ್ತೇರುವಷ್ಟರಲ್ಲಿ ಹೊಟ್ಟೆನೋವೆಂದು ಹೊರಳಾಡಿದಳು, ರೆಪ್ಪೆಗಳು ಜೋತುಬಿದ್ದವು, ಮಧ್ಯಾಹ್ನಕ್ಕೆ ಉಸಿರು ನಿಂತಿತು. ಹಾಳು ಹೊಟ್ಟೆನೋವು ಮಗಳನ್ನು ನುಂಗಿತು ಎಂದು ಅಪ್ಪ ಎದೆ ಬಡಿದುಕೊಂಡ. ಮರುವರ್ಷ ತೇನಿಯ ಆಸ್ಪತ್ರೆಯ ಗೋಡೆಯಲ್ಲಿ ಹಾವುಗಳ ಫೋಟೋ ಹಾಕಿದ್ದನ್ನು ಕಂಡಾಗಲೇ ತಂಗಿ ಮುಟ್ಟಿ ತೋರಿಸಿದ್ದು ಕಟ್ಟುವಿರಿಯನ್ ಎಂದು ಮಣಿಮೇಗಲೈಗೆ ತಿಳಿದದ್ದು. ಮನೆಗೆ ಬಂದವಳು ಬಾಯಿ ಬಿಡಲಿಲ್ಲ. ಪೊಂಗಲ್ ಬಂದಾಗಲೆಲ್ಲ ಗೋಡೆಗೆ ಸುಣ್ಣ ಬಳಿಯೋಣ ಎನ್ನುವಳು. ತಾತನ ಕೈಯ ಚಿತ್ರ ಎಂದು ಅಪ್ಪ ಬಿಡುತ್ತಿರಲಿಲ್ಲ.

ಈಗ ಅಪ್ಪ ಕೋಲೂರಿಕೊಂಡು ಎದ್ದು ಬಂದಿದ್ದ. "ಯಾವ್ದು ಕಣಮ್ಮಾ? ಬೆರಳಿಟ್ಟು ತೋರ್ಸು."

ಕಾರ್ತಿಕಾ ತೋರಿಸಿದಳು. ಅವನು ಬಗ್ಗಿ, ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದ. ಬೇರೆಲ್ಲ ಕಡೆ ಒರಟಾಗಿದ್ದ ಗಾರೆ ಅಲ್ಲಿ ಜನರ ಬೆರಳು ತಾಗಿ ತಾಗಿ ನುಣುಪಾಗಿತ್ತು.

"ಕಣ್ಣಮ್ಮಾಳ್ ಮುಟ್ಟಿದ್ದು ಇದನ್ನೇ," ಎಂದ.

ಕಾರ್ತಿಕಾಳಿಗೆ ಮೊದಲು ತಿಳಿಯಲಿಲ್ಲ. ಅಕ್ಕನ ಮುಖ ನೋಡಿದ ಮೇಲೆ ತಿಳಿಯಿತು. ಅವಳು ನೋಟ್‌ಬುಕ್ಕನ್ನು ಮೆಲ್ಲನೆ ಮುಚ್ಚಿದಳು. ಮುದುಕನೂ ಮಗಳ ಮುಖವನ್ನೇ ನೋಡುತ್ತಿದ್ದ. ಅಲ್ಲಿ ಅಳು ಇತ್ತು, ಬೆರಗು ಮಾತ್ರ ಇರಲಿಲ್ಲ.

"ನಿಂಗೆ ಮುಂಚೇನೇ ತಿಳಿದಿತ್ತಾ ಮಣೀ?"

"ಹತ್ತೊಂಬತ್ತು ವರ್ಸ ಆಯ್ತಪ್ಪಾ. ಕೇಳಿದ್ರೆ ನೀ ಉಳ್ಯಲ್ಲ ಅಂತ ಹೇಳ್ಲಿಲ್ಲ." ಅವಳು ಅವನ ಕೈ ಹಿಡಿಯಲು ಹೋದಳು. "ಆದ್ರೆ ನಾ ಸುಮ್ನೆ ಕೂರ್ಲಿಲ್ಲಪ್ಪಾ. ಇದ್ನ ಮುಟ್ಟಿದೋರ ಹಿಂದೆ ಓಡಿಹೋಗಿ ಬಸ್ ಹತ್ತಿಸ್ತಿದ್ದೆ. ಮನೆಗ್ ಹೋಗ್ಬೇಡಿ, ತೇನಿಗ್ ಹೋಗಿ ಅಂತ ಕೈ ಮುಗೀತಿದ್ದೆ. ಎಷ್ಟ್ ಜನ ಉಳಿದ್ರು ಗೊತ್ತಾ!"

ಪೊನ್ನುಸಾಮಿ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಮರೆತುಹೋಗಿದ್ದ ದಿನಗಳನ್ನು ಒಂದೊಂದಾಗಿ ಬೆರಳು ಮಡಿಸಿ ಎಣಿಸತೊಡಗಿದ.

"ಆಂಡಿಪಟ್ಟಿ ಅಯ್ಯನಾರ್ ಬಂದು ಇದ್ನೇ ಮುಟ್ಟಿದಾಗ ನೀ ಮದ್ವೆಗಂತ ಕಂಬಂ ಊರ್ಗೆ ಹೋಗಿದ್ದೆ," ಎಂದ. "ಪೆರಿಯಕುಳಂ ಮಾವಿನ್ತೋಪು ಕಾಯೋ ಜೀವಾ ಬಂದಾಗ ನೀ ಸಂತೇಲಿದ್ದೆ. ಇಬ್ರ ಸಾವಿಗೂ ನಾನೇ ಮಾಲೆ ತಗೊಂಡು ಹೋಗಿದ್ದೆ. ಜೀವಾನ ಹೆಂಡ್ತಿ ನನ್ ಕಾಲ್ ಮುಟ್ಟಿ ನಮಸ್ಕಾರ ಮಾಡಿದ್ಳು."

ಮಣಿಮೇಗಲೈ ಗೋಡೆಗೆ ಒರಗಿದಳು. ಈ ಹೆಸರುಗಳನ್ನು ಅವಳು ಎಂದೂ ಲೆಕ್ಕಕ್ಕೆ ತಂದಿರಲಿಲ್ಲ. ಯಾರೂ ಅವಳಿಗೆ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ.

ಅಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ. ದಾರಿ ಗೊತ್ತಿಲ್ಲದವನು ದಾರಿ ಕೇಳುವ ಹಾಗೆ ಕೇಳಿದ: "ಕಣ್ಣಮ್ಮಾಳ್ ಸಾವಿನ ಪಾಪ ನಂದು ಮಣೀ. ಅವರಿಬ್ರುದ್ದು ಯಾರ್ದು?"